ತಿಯಾವ್ ಹೊಳೆ ದಾಟುವ ಅಡಿಕೆ ಚೀಲ

ಹಾನಗಲ್ ಹತ್ತಿರ ನಮ್ಮ ಅಕ್ಕನ ಮಗ ಭತ್ತದ ಗದ್ದೆ ತೆಗೆದು ಅಡಿಕೆ ಹಾಕಿದ್ದಾನೆ. ಮೊನ್ನೆ ಅವನ ಅಂಗಳದಲ್ಲಿ ಒಣಹಾಕಿದ ಅಡಿಕೆಯ ಪಕ್ಕ ಕೂತು ಚಹಾ ಕುಡಿಯುವಾಗ ಕೇಳಿದ: "ಮಾಮಾ, ನೀವು ಅಲ್ಲೇ ಡ್ಯೂಟಿ ಮಾಡಿ ಬಂದೀರಿ. ಬರ್ಮಾ ಅಡಿಕಿ ಗಡಿ ದಾಟಿ ಹೆಂಗ ಬರತೈತ್ರಿ? ಸುತ್ತ ತಂತಿಬೇಲಿ ಬಡಿಯಾಕ ಏನ ಧಾಡಿ?"

ಅವನ ಸಿಟ್ಟು ನ್ಯಾಯವಾದದ್ದು. ಆಮದು ಅಡಿಕೆಯ ಮೇಲೆ ನೂರಕ್ಕೆ ನೂರು ಸುಂಕವಿದೆ. ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರುವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಅದಕ್ಕಿಂತ ಅಗ್ಗದ ಮಾಲು ನೇರ ದಾರಿಯಲ್ಲಿ ಒಳಗೆ ಬರುವಂತಿಲ್ಲ, ಹಾಗಾಗಿ ಕಾಡುದಾರಿ ಹಿಡಿಯುತ್ತದೆ. ಆ ಗಡಿ ಕಾಯುವ ಅಸ್ಸಾಂ ರೈಫಲ್ಸ್ ಪಡೆಯಲ್ಲಿ ನನ್ನ ಸರ್ವಿಸಿನ ಕೊನೆಯ ವರ್ಷಗಳು ಮೀಜೋರಾಮಿನ ಚಂಪಾಯ್ ಜಿಲ್ಲೆಯಲ್ಲಿ ಕಳೆದವು. ಅಲ್ಲಿ ಭಾರತಕ್ಕೂ ಮ್ಯಾನ್ಮಾರಿಗೂ, ಅಂದರೆ ಹಳೆಯ ಬರ್ಮಾಕ್ಕೂ, ನಡುವೆ ತಿಯಾವ್ ಎಂಬ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಎಷ್ಟೋ ಕಡೆ ಮೊಣಕಾಲುದ್ದ ನೀರು. ರಾತ್ರಿ ಹಣೆಗೆ ಪಟ್ಟಿ ಕಟ್ಟಿ, ಬೆನ್ನ ಮೇಲೆ ಚೀಲ ಹೊತ್ತು ಹೊಳೆಗೆ ಇಳಿಯುತ್ತಾರೆ. ಈಚೆ ದಡದಲ್ಲಿ ಪಿಕಪ್ ಗಾಡಿ ಲೈಟು ಆರಿಸಿಕೊಂಡು ನಿಂತಿರುತ್ತದೆ. ಹಿಡಿದ ಚೀಲ ಬಿಚ್ಚಿದಾಗ ಬರುವ ಅಡಿಕೆಯ ಒಗರು ವಾಸನೆಗೆ ನನಗೆ ಪ್ರತಿ ಸಲವೂ ಊರು ನೆನಪಾಗುತ್ತಿತ್ತು. ಹಿಡಿದದ್ದಕ್ಕೆ ಸಮಾಧಾನ, ಹಿಡಿಯದೆ ಹೋದ ಚೀಲಗಳ ಲೆಕ್ಕಕ್ಕೆ ಸಂಕಟ.

ಅದೇ ದಾರಿಯಲ್ಲಿ ಅಫೀಮಿನಿಂದ ತೆಗೆಯುವ ಹೆರಾಯಿನ್ ಕೂಡ ಬರುತ್ತದೆ, ಸೋಪಿನ ಡಬ್ಬಿಗಳಲ್ಲಿ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಪ್ಲಾಸ್ಟಿಕ್ ಡಬ್ಬಿ, ಒಂದೊಂದರಲ್ಲಿ ಹನ್ನೆರಡು ಗ್ರಾಂ ಆಸುಪಾಸು. ಅಫ್ಘಾನಿಸ್ತಾನದಲ್ಲಿ ತಾಲಿಬಾನ್ ಅಫೀಮು ನಿಷೇಧಿಸಿದ ಮೇಲೆ, 2023ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಅಫೀಮು ಬೆಳೆದ ದೇಶ ಮ್ಯಾನ್ಮಾರ್ ಎಂದು ವಿಶ್ವಸಂಸ್ಥೆ ಹೇಳಿತು. ಅಡಿಕೆ ಚೀಲ ಹಿಡಿಯುವುದೇ ಕಷ್ಟ ಅನ್ನುವಲ್ಲಿ ಸೋಪಿನ ಡಬ್ಬಿಯ ಗತಿ ಏನೆಂದು ನೀವೇ ಊಹಿಸಿ.

ಈಗ ಬೇಲಿಯ ಮಾತು. ಮ್ಯಾನ್ಮಾರ್ ಜೊತೆಗಿನ ನಮ್ಮ ಗಡಿ 1,643 ಕಿಲೋಮೀಟರ್: ಅರುಣಾಚಲದಲ್ಲಿ 520, ಮೀಜೋರಾಮಿನಲ್ಲಿ 510, ಮಣಿಪುರದಲ್ಲಿ 398, ನಾಗಾಲ್ಯಾಂಡಿನಲ್ಲಿ 215. ಇಷ್ಟಕ್ಕೂ ಬೇಲಿ ಹಾಕುತ್ತೇವೆಂದು ಗೃಹ ಸಚಿವ ಅಮಿತ್ ಶಾ 2024ರ ಫೆಬ್ರುವರಿಯಲ್ಲಿ ಘೋಷಿಸಿದರು. ಆ ಹೊತ್ತಿಗೆ ಬೇಲಿ ಮುಗಿದಿದ್ದು ಮಣಿಪುರದ ಮೋರೆ ಪಟ್ಟಣದ ಬಳಿ 10 ಕಿಲೋಮೀಟರ್ ಮಾತ್ರ. ಬೇಲಿ ಮತ್ತು ಗಡಿ ರಸ್ತೆಗೆ ಸುಮಾರು 31,000 ಕೋಟಿ ರೂಪಾಯಿ ಬೇಕೆಂಬ ಅಂದಾಜು.

ನಮ್ಮ ಕಡೆ ಗೋವಿನಜೋಳದ ಹೊಲಕ್ಕೆ ಹಂದಿ ನುಗ್ಗಬಾರದೆಂದು ಬೇಲಿ ಹಾಕುತ್ತಾರೆ. ಹಾಕಿ ಮನೆಯಲ್ಲಿ ಮಲಗುತ್ತಾರೆಯೇ? ಅಟ್ಟಣಿಗೆ ಕಟ್ಟಿ, ಬ್ಯಾಟರಿ ಹಿಡಿದು, ರಾತ್ರಿಯೆಲ್ಲ ಕೂಗು ಹಾಕುತ್ತಾರೆ. ಬೇಲಿ ಹಂದಿಯನ್ನು ಒಂದೈದು ನಿಮಿಷ ತಡೆಯುತ್ತದೆ, ಆ ಐದು ನಿಮಿಷದಲ್ಲಿ ಕಾಯುವವನು ಎದ್ದು ಬರಬೇಕು. ಸೈನ್ಯದಲ್ಲಿ ರಂಗರೂಟನಿಗೂ ಇದನ್ನೇ ಕಲಿಸುತ್ತಾರೆ: ಕಣ್ಣು, ಬಂದೂಕು ಎರಡೂ ಇಲ್ಲದ ಕಡೆ ಹಾಕಿದ ತಡೆ ತಡೆಯೇ ಅಲ್ಲ. ತಂತಿ ಕತ್ತರಿಸುವ ಕಟರ್ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.

ಆ ಕಣ್ಣು ಇಡಲು ಎಷ್ಟು ಜನ ಇದ್ದಾರೆ? ಕಾರ್ಗಿಲ್ ಯುದ್ಧದ ನಂತರ 'ಒಂದು ಗಡಿ, ಒಂದು ಪಡೆ' ಎಂಬ ನೀತಿ ಬಂತು. ಪಾಕಿಸ್ತಾನ, ಬಾಂಗ್ಲಾದೇಶದ ಗಡಿ ಬಿಎಸ್‌ಎಫ್‌ಗೆ, ಚೀನಾದ್ದು ಐಟಿಬಿಪಿಗೆ, ನೇಪಾಳ, ಭೂತಾನದ್ದು ಎಸ್‌ಎಸ್‌ಬಿಗೆ, ಮ್ಯಾನ್ಮಾರಿನದ್ದು ಅಸ್ಸಾಂ ರೈಫಲ್ಸ್‌ಗೆ. ಆದರೆ ನಮ್ಮ ಪಡೆಗೆ ಎರಡು ಕೆಲಸ. ಒಳಗಿನ ಉಗ್ರರನ್ನೂ ನೋಡಬೇಕು, ಗಡಿಯನ್ನೂ ಕಾಯಬೇಕು. ಇರುವ 46 ಬೆಟಾಲಿಯನ್‌ಗಳಲ್ಲಿ ಗಡಿಗೆಂದು ಸಿಗುವುದು ಅರ್ಧಕ್ಕಿಂತ ಕಡಿಮೆ. ರಸ್ತೆಯಿಲ್ಲದ್ದರಿಂದ ಎಷ್ಟೋ ಕಂಪನಿ ಪೋಸ್ಟುಗಳು ಗಡಿಗೆರೆಯಿಂದ ಒಳಗೆ ಇರುತ್ತವೆ. ಅಲ್ಲಿಂದ ಪೆಟ್ರೋಲಿಂಗ್ ಹೊರಟರೆ ಒಂದು ಗಡಿಕಂಬ ಮುಟ್ಟಿ ಬರಲು ಕೆಲವೊಮ್ಮೆ ನಾಲ್ಕೈದು ದಿನ. ಮಳೆಗಾಲದಲ್ಲಿ ಬೂಟಿನೊಳಗೆ ಜಿಗಣೆ, ಕಾಲಡಿಯಲ್ಲಿ ಕುಸಿಯುವ ಗುಡ್ಡ. ಕಂಬ ಸಿಗುತ್ತದೆ, ಪಾಚಿ ಒರೆಸಿ ನಂಬರ್ ಓದಿ ಬರೆದುಕೊಳ್ಳುತ್ತೇವೆ, ತಿರುಗಿ ಬರುತ್ತೇವೆ. ನಾವು ತಿರುಗಿದ ಮೇಲೆ ಅಲ್ಲಿ ಯಾರೂ ಇಲ್ಲ.

ಯಾರೂ ಇಲ್ಲ ಅಂದದ್ದು ತಪ್ಪಾಯಿತು. ಹಳ್ಳಿಯವರು ಇದ್ದಾರೆ. ನನ್ನ ಮಾತೆಲ್ಲ ಇರುವುದು ಇಲ್ಲಿ.

ನಮ್ಮಲ್ಲಿ ಬದುವಿನ ಎರಡೂ ಕಡೆ ಅಣ್ಣತಮ್ಮಂದಿರು ಉಳುವ ಹಾಗೆ, ಆ ಗೆರೆಯ ಎರಡೂ ಕಡೆ ಒಂದೇ ಜನ. ಮೀಜೋಗಳೂ ಆಚೆಯ ಚಿನ್ ಜನರೂ ಬಳಗದವರು. ನಾಗಾಲ್ಯಾಂಡಿನ ಲೊಂಗ್ವಾ ಊರಿನಲ್ಲಿ ಮುಖಂಡನ ಮನೆಯ ಮೇಲೆಯೇ ಗೆರೆ ಹಾದುಹೋಗುತ್ತದೆ. ಭಾರತ ಮತ್ತು ಬರ್ಮಾ ಗಡಿ ಒಪ್ಪಂದಕ್ಕೆ ಸಹಿ ಹಾಕಿದ್ದು 1967ರಲ್ಲಿ, ಬೀಗತನ ಅದಕ್ಕಿಂತ ಎಷ್ಟೋ ಹಳೆಯದು. ಇದನ್ನು ತಿಳಿದೇ ದೆಹಲಿ ಮುಕ್ತ ಸಂಚಾರಕ್ಕೆ ಅವಕಾಶ ಕೊಟ್ಟಿತ್ತು. ಮೊದಲು 40 ಕಿಲೋಮೀಟರ್ ಒಳಗಿನವರೆಗೆ, 2004ರಿಂದ 16 ಕಿಲೋಮೀಟರ್‌ವರೆಗೆ ವೀಸಾ ಇಲ್ಲದೆ ಬಂದುಹೋಗಬಹುದಿತ್ತು.

ಈ ಸಡಿಲಿಕೆಯ ದುರುಪಯೋಗ ಆಗಿದೆ, ನಾನೇ ಕಂಡಿದ್ದೇನೆ. 2021ರ ಫೆಬ್ರುವರಿ 1ರಂದು ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲಂತೂ ಆಚೆ ದಡದಲ್ಲಿ ಸರ್ಕಾರ ಅನ್ನುವುದೇ ಇಲ್ಲವಾಯಿತು. 2023ರ ನವೆಂಬರಿನಲ್ಲಿ ಚಿನ್ ಹೋರಾಟಗಾರರು ತಿಯಾವ್ ದಡದ ನಮ್ಮ ಊರು ಝೋಖಾವ್ತಾರ್ ಎದುರಿನ ಸೇನಾ ಠಾಣೆಗಳನ್ನು ಹಿಡಿದಾಗ, ಆ ದೇಶದ ಸೈನಿಕರೇ ಪ್ರಾಣ ಉಳಿಸಿಕೊಳ್ಳಲು ಹೊಳೆ ದಾಟಿ ನಮ್ಮ ಕಡೆ ಬಂದರು. ಅವರನ್ನು ಹೆಲಿಕಾಪ್ಟರ್‌ನಲ್ಲಿ ಮೋರೆಗೆ ಒಯ್ದು ಅಲ್ಲಿಂದ ವಾಪಸ್ ಕಳಿಸಬೇಕಾಯಿತು. ಮೀಜೋರಾಮಿನ ಜನ ತಮ್ಮ ಮನೆಯ ಅಕ್ಕಿ ಹಂಚಿಕೊಂಡು ಮೂವತ್ತು ಸಾವಿರಕ್ಕೂ ಹೆಚ್ಚು ನಿರಾಶ್ರಿತರನ್ನು ಸಾಕಿದರು. 2023ರ ಮೇ ತಿಂಗಳಿಂದ ಮಣಿಪುರ ಜನಾಂಗ ಕಲಹದಲ್ಲಿ ಹೊತ್ತಿ ಉರಿಯುತ್ತಿತ್ತು. ಅಲ್ಲಿನ ರಾಜ್ಯ ಸರ್ಕಾರ ಗಡಿ ಮುಚ್ಚಿ ಎಂದಿತು. ಮೀಜೋರಾಮ್, ನಾಗಾಲ್ಯಾಂಡ್ ವಿಧಾನಸಭೆಗಳು ಮುಚ್ಚಬೇಡಿ ಎಂದು ನಿರ್ಣಯ ಮಾಡಿದವು. ಒಂದೇ ಗಡಿಯ ಬಗ್ಗೆ ಮೂರು ರಾಜ್ಯಗಳ ಮಾತು ಹೀಗೆ ಬೇರೆಯಾಗಿರುವಾಗ ಉದ್ದಕ್ಕೂ ಒಂದೇ ಮದ್ದು ಅರೆದರೆ ಹತ್ತುವುದಿಲ್ಲ.

ಮುಕ್ತ ಸಂಚಾರ ರದ್ದು ಎಂದು 2024ರ ಫೆಬ್ರುವರಿಯಲ್ಲಿ ಹೇಳಿದರೂ, ಡಿಸೆಂಬರಿನಲ್ಲಿ ಹೊಸ ನಿಯಮ ತಂದರು: 10 ಕಿಲೋಮೀಟರ್ ಒಳಗಿನವರಿಗೆ ಕ್ಯೂಆರ್ ಕೋಡ್ ಇರುವ ಪಾಸು, ಏಳು ದಿನದ ಅವಧಿ, ಗೊತ್ತುಮಾಡಿದ ಜಾಗದಲ್ಲೇ ದಾಟಬೇಕು, ಅಲ್ಲಿ ಫೋಟೊ, ಬೆರಳಚ್ಚು. ಇದು ಒಳ್ಳೆಯ ದಾರಿ ಎಂದು ನನ್ನ ಅನುಭವ ಹೇಳುತ್ತದೆ. ಬಾಗಿಲು ತೆರೆದಿದ್ದರೆ, ಸಾಲು ಬೇಗ ಸರಿದರೆ, ಬಾಣಂತಿ ಮಗಳನ್ನು ನೋಡಲು ಬಂದ ತಾಯಿ ಬಾಗಿಲಲ್ಲೇ ಬರುತ್ತಾಳೆ. ಆಗ ಕಾಡುದಾರಿಯಲ್ಲಿ ಕಂಡವನು ಯಾರೆಂದು ಯೋಚಿಸಬೇಕಾಗಿಲ್ಲ. ಬಾಗಿಲಿಗೆ ಬೀಗ ಹಾಕಿದಿರೋ, ಆ ತಾಯಿಯೂ ಸೋಪಿನ ಡಬ್ಬಿಯವನೂ ಒಂದೇ ಕಾಲುದಾರಿಯಲ್ಲಿ ನಡೆಯುತ್ತಾರೆ. ಕತ್ತಲಲ್ಲಿ ನನ್ನ ಜವಾನ ಯಾರನ್ನು ಏನೆಂದು ತಿಳಿಯಬೇಕು?

ಹಾಗೆ ತಿಳಿಯದೆ ಹೋದದ್ದರ ಫಲ ಓಟಿಂಗ್ ಎಂಬ ಊರಲ್ಲಿ ಕಂಡೆವು. 2021ರ ಡಿಸೆಂಬರ್ 4ರ ಸಂಜೆ ನಾಗಾಲ್ಯಾಂಡಿನ ಮೋನ್ ಜಿಲ್ಲೆಯಲ್ಲಿ ಕಲ್ಲಿದ್ದಲು ಗಣಿಯಿಂದ ಮನೆಗೆ ಮರಳುತ್ತಿದ್ದ ಕೂಲಿಗಳನ್ನು ಉಗ್ರರೆಂದು ತಿಳಿದು ಸೇನೆಯ ತುಕಡಿ ಗುಂಡು ಹಾರಿಸಿತು. ಆರು ಜನ ಸತ್ತರು, ನಂತರದ ಗಲಾಟೆಯಲ್ಲಿ ಇನ್ನಷ್ಟು ಸಾವು. ಸಮವಸ್ತ್ರ ಹಾಕಿದ್ದ ನನಗೆ ಆ ಸುದ್ದಿ ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ. ಹಳ್ಳಿಯ ಜೊತೆ ಮಾತು ಕಡಿದಲ್ಲಿ ತಪ್ಪು ಸುದ್ದಿಯೇ ಸುದ್ದಿಯಾಗುತ್ತದೆ. ನಮ್ಮ ಪೋಸ್ಟಿಗೆ ಬಂದ ಒಳ್ಳೆಯ ಮಾಹಿತಿ ಬಹುಪಾಲು ಡ್ರೋನಿನಿಂದ ಬಂದದ್ದಲ್ಲ. ಔಷಧಿ ಕೊಡುವ ನಮ್ಮ ನರ್ಸಿಂಗ್ ಅಸಿಸ್ಟೆಂಟ್ ಹತ್ತಿರ ಮಗುವಿನ ಜ್ವರಕ್ಕೆ ಬಂದವರು, ಹೊರಡುವಾಗ ಮೆಲ್ಲಗೆ ಹೇಳಿ ಹೋದದ್ದು.

"ಹಂಗಾರ ಬೇಲಿ ಬ್ಯಾಡ ಅಂತೀರೇನ್ರಿ?" ಅಂದ ಅಕ್ಕನ ಮಗ.

ಬೇಕು, ಮೋರೆಯಂಥ ಕಡೆ ಬೇಕು. ಊರಿಗೆ ಊರು ಅಂಟಿಕೊಂಡ, ಗಾಡಿ ಹೋಗುವ ಬಯಲಿನಲ್ಲಿ ಬೇಲಿ ಕೆಲಸ ಮಾಡುತ್ತದೆ. ತಿಯಾವ್ ದಡದಲ್ಲಿ ಮೊದಲು ರಸ್ತೆ, ಆಮೇಲೆ ಬಾಗಿಲು, ಬಾಗಿಲಲ್ಲಿ ಸಾಕಷ್ಟು ಸಿಬ್ಬಂದಿ. ಬಾಂಗ್ಲಾ ಗಡಿಯಲ್ಲಿ ಗೆರೆಯಿಂದ 150 ಗಜ ಒಳಗೆ ಬೇಲಿ ಹಾಕಿದ್ದರಿಂದ ನಮ್ಮದೇ ರೈತರ ಹೊಲ ಬೇಲಿಯಾಚೆ ಉಳಿದಿದೆ. ಗೇಟು ತೆರೆಯುವ ಹೊತ್ತಿಗೆ ಕಾದು ಉಳಲು ಹೋಗಬೇಕು. ಗುಡ್ಡದ ಜನಕ್ಕೆ ಅದೇ ಭಯ. ಸ್ವಂತ ಹೊಲಕ್ಕೆ ಅನುಮತಿ ಕೇಳಿ ಹೋಗುವುದೆಂದರೆ ಏನೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗಬೇಕು ಎಂದೆ. ಅಡಿಕೆ ಸಾಗಿಸುವ ದೊಡ್ಡ ಕುಳಗಳನ್ನು ಹಿಡಿಯಬೇಕಾದದ್ದು ಹೊಳೆಯಲ್ಲಿ ಅಲ್ಲ, ಆ ಮಾಲಿಗೆ ಸುಳ್ಳು ಬಿಲ್ಲು ಹುಟ್ಟುವ ಗೋದಾಮಿನಲ್ಲಿ. ಹೊಳೆಯಲ್ಲಿ ಸಿಗುವವನು ಕೂಲಿ. ಅಕ್ಕನ ಮಗ ಸ್ವಲ್ಪ ಹೊತ್ತು ಅಡಿಕೆ ಕೈಯಾಡಿಸುತ್ತ ಸುಮ್ಮನಿದ್ದ.

ಹಾವೇರಿಯಲ್ಲಿ ಭರ್ತಿಗೆ ತಯಾರು ಮಾಡಲು ನಾನು ಓಟ ಓಡಿಸುವ ಹುಡುಗರಲ್ಲಿ ಇಬ್ಬರು ಈ ಸಲ ಕೇಂದ್ರ ಪಡೆಗಳಿಗೆ ಜವಾನರನ್ನು ಆರಿಸುವ ಎಸ್‌ಎಸ್‌ಸಿ ಜಿಡಿ ಪರೀಕ್ಷೆ ಪಾಸಾಗಿ ಅಸ್ಸಾಂ ರೈಫಲ್ಸ್ ಸೇರಲಿದ್ದಾರೆ. 2024ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಇಬ್ಬರೂ ಕನ್ನಡದಲ್ಲೇ ಬರೆದವರು. ಅವರ ವಹಿಯ ಕೊನೆಯ ಪುಟದಲ್ಲಿ ಹತ್ತು ಮೀಜೋ ಮಾತು ಬರೆದುಕೊಟ್ಟು, ದಿನಾ ಓಟ ಮುಗಿದ ಮೇಲೆ ಬಾಯಿಪಾಠ ಹೇಳಿಸುತ್ತಿದ್ದೇನೆ. ಮೊದಲನೆಯದು ಚಿಬಾಯ್, ಅಂದರೆ ನಮಸ್ಕಾರ.