ಕುನ್ನಿಯನ್ನು ಕತ್ತಲಲ್ಲಿ ಕಟ್ಟಿದರೆ ಕಾವಲು ನಾಯಿ ಆಗುವುದಿಲ್ಲ

ಹೊಸದಾಗಿ ಕುನ್ನಿ ತಂದವರು ಅದನ್ನು ನನ್ನ ಟೇಬಲ್ ಮೇಲೆ ಇಟ್ಟ ಕೂಡಲೇ ಕೇಳುವುದು ಲಸಿಕೆಯ ವಿಷಯವಲ್ಲ, ಊಟದ ವಿಷಯವೂ ಅಲ್ಲ. "ಡಾಕ್ಟ್ರ, ಇದು ಖಡಕ್ ಆಗಬೇಕಂದ್ರ ಏನ್ ಮಾಡಬೇಕ್ರಿ?" ಬಾಗಲಕೋಟೆಯಲ್ಲಿ ಪ್ರಾಕ್ಟೀಸ್ ಶುರು ಮಾಡಿದಾಗಿನಿಂದ ಈ ಪ್ರಶ್ನೆ ನನಗೆ ತಪ್ಪಿಲ್ಲ. ಉತ್ತರವೂ ಅವರ ಹತ್ತಿರವೇ ಇರುತ್ತದೆ, ನನ್ನಿಂದ ಒಂದು ಹೂಂ ಅನ್ನಿಸಿಕೊಳ್ಳಲು ಬಂದಿರುತ್ತಾರೆ. ದನದ ಕೊಟ್ಟಿಗೆಯ ಕತ್ತಲ ಮೂಲೆಯಲ್ಲಿ ಕಟ್ಟಬೇಕು, ಮನೆಯಲ್ಲಿ ಒಬ್ಬರೇ ಊಟ ಹಾಕಬೇಕು, ಹೊರಗಿನ ಮಂದಿ ಮುಟ್ಟಬಾರದು, ಆಗೊಮ್ಮೆ ಈಗೊಮ್ಮೆ ರೊಟ್ಟಿಗೆ ಕೆಂಪು ಖಾರ ಹಚ್ಚಿ ತಿನ್ನಿಸಬೇಕು. ಅಜ್ಜನ ಕಾಲದಿಂದ ಬಂದ ವಿದ್ಯೆ.

ಖಾರದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಖಾರ ತಿಂದ ಕುನ್ನಿಗೆ ಬರುವುದು ಸಿಟ್ಟಲ್ಲ, ಹೊಟ್ಟೆಯುರಿ, ವಾಂತಿ, ಭೇದಿ. ಎರಡು ತಿಂಗಳ ಮರಿಗೆ ಭೇದಿ ಹತ್ತಿದರೆ ಮೈಯೊಳಗಿನ ನೀರು ಬೇಗ ಬತ್ತುತ್ತದೆ, ಸಲೈನ್ ಹಚ್ಚಬೇಕಾಗುತ್ತದೆ. ಸಿಟ್ಟು ಬರುವುದು ಬಿಲ್ ನೋಡಿದ ಮಾಲೀಕರಿಗೆ.

ಜಂತಿನ ಔಷಧಿ, ಊಟ, ಎಲ್ಲೆಂದರಲ್ಲಿ ಉಚ್ಚೆ ಹೊಯ್ಯುವುದು, ಇವನ್ನೆಲ್ಲ ನಿಮ್ಮ ಪಶುವೈದ್ಯರು ಹೇಳಿಯೇ ಇರುತ್ತಾರೆ. ನಾನು ಇಲ್ಲಿ ಹೇಳಬೇಕಾದದ್ದು ಆ ಕತ್ತಲ ಮೂಲೆಯ ಬಗ್ಗೆ.

ನಾಯಿಮರಿಗೆ ಮೂರನೇ ವಾರದಿಂದ ಸುಮಾರು ಹನ್ನೆರಡು, ಹೆಚ್ಚೆಂದರೆ ಹದಿನಾಲ್ಕನೇ ವಾರದವರೆಗೆ ಒಂದು ಕಾಲ ಇರುತ್ತದೆ. ಆಗ ಅದು ಯಾವುದನ್ನು ಹೆದರಿಕೆಯಿಲ್ಲದೆ ನೋಡಿ, ಮೂಸಿ, ಕೇಳಿ ಅರಗಿಸಿಕೊಳ್ಳುತ್ತದೋ ಅದು ಬದುಕಿಡೀ ಅದಕ್ಕೆ ಮಾಮೂಲಿ. ಆ ಕಾಲದಲ್ಲಿ ಕಾಣದೇ ಹೋದದ್ದು ಮುಂದೆ ಎದುರಾದಾಗ ಅಪಾಯ. ಹಿಂಗಾರಿ ಬಿತ್ತಿಗೆಯ ಹದ ಇದ್ದಂತೆ, ಹದ ಹೋದ ಮೇಲೆ ಬೀಜ ಎಷ್ಟೇ ಒಳ್ಳೆಯದಿದ್ದರೂ ಜೋಳ ನೆಟ್ಟಗೆ ಏಳುವುದಿಲ್ಲ. ಮರಿಯನ್ನು ತಾಯಿಯಿಂದ ಬಿಡಿಸಬೇಕಾದದ್ದು ಎಂಟು ವಾರಕ್ಕೆ. ತಿಂಗಳು ತುಂಬುವ ಮೊದಲೇ ಚೀಲದಲ್ಲಿ ಹಾಕಿಕೊಂಡು ಬರುವವರ ಬಗ್ಗೆ ಇನ್ನೊಮ್ಮೆ ಬೈಯುತ್ತೇನೆ. ಅಂದರೆ ನಿಮ್ಮ ಕೈಗೆ ಸಿಗುವುದು ನಾಲ್ಕರಿಂದ ಆರು ವಾರ. ಕೊಟ್ಟಿಗೆಯ ಮೂಲೆ ನುಂಗುವುದು ಸರಿಯಾಗಿ ಆ ವಾರಗಳನ್ನೇ.

ಇದು ನನ್ನ ತಲೆಯಿಂದ ಹುಟ್ಟಿದ ಮಾತಲ್ಲ. ಅಮೆರಿಕದ ಬಾರ್ ಹಾರ್ಬರ್ ಊರಿನ ಜಾಕ್ಸನ್ ಪ್ರಯೋಗಾಲಯದವರು ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ, ಮನುಷ್ಯರ ಒಡನಾಟವೇ ಇಲ್ಲದೆ ಮರಿಗಳನ್ನು ಬೆಳೆಸಿ ನೋಡಿದರು. ಕೆಲವನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದು ವಾರ ಮಾತ್ರ ಒಳಗೆ ತಂದು, ಆಡಿಸಿ, ಮತ್ತೆ ಬಯಲಿಗೆ ಬಿಟ್ಟರು. 1961ರಲ್ಲಿ ಫಲಿತಾಂಶ ಪ್ರಕಟವಾಯಿತು. ಹದಿನಾಲ್ಕು ವಾರದವರೆಗೆ ಮನುಷ್ಯರ ಕೈ ತಾಗದೆ ಬೆಳೆದ ಮರಿಗಳು ಕಾಡುಪ್ರಾಣಿಗಳ ಹಾಗೆ ಆಗಿದ್ದವು, ಆಮೇಲೆ ಪಳಗಿಸುವುದು ಬಹಳ ಕಷ್ಟವಾಯಿತು. ನಮ್ಮ ತೋಟದ ಮನೆಗಳಲ್ಲಿ ಈ ಪ್ರಯೋಗ ಇವತ್ತಿಗೂ ನಡೆದೇ ಇದೆ, ಬರೆದಿಡುವವರಿಲ್ಲ.

ನನ್ನ ಹತ್ತಿರ ಬರುವವರಿಗೆ ಎಷ್ಟು ಹೇಳಿದರೂ ತಿಳಿಯದ ಸಂಗತಿ ಇದು: ಹೆದರಿದ ನಾಯಿಯೂ ಖಡಕ್ ನಾಯಿಯ ಹಾಗೇ ಕಾಣುತ್ತದೆ. ಬೊಗಳುತ್ತದೆ, ಹಲ್ಲು ಕಿಸಿಯುತ್ತದೆ, ಸರಪಳಿ ಜಗ್ಗುತ್ತದೆ. ಮಾಲೀಕರು ಮೀಸೆ ತಿರುವುತ್ತಾರೆ. ಆದರೆ ಸ್ವಲ್ಪ ತಾಳ್ಮೆಯಿಂದ ನೋಡಿ. ಬಾಲ ಕಾಲ ಸಂದಿಯಲ್ಲಿದೆ, ಕಿವಿ ಹಿಂದಕ್ಕೆ ಅಂಟಿವೆ, ಮೈಭಾರ ಹಿಂಗಾಲಿನ ಮೇಲಿದೆ. ಒಂದು ಹೆಜ್ಜೆ ಮುಂದೆ ಬಂದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತದೆ. ಅದು 'ಬಾ, ನೋಡ್ತೀನಿ' ಅನ್ನುತ್ತಿಲ್ಲ, 'ದೂರ ಹೋಗು' ಎಂದು ಬೇಡಿಕೊಳ್ಳುತ್ತಿದೆ. ಸರಪಳಿ ಇರುವುದರಿಂದ ಓಡಲು ದಾರಿಯಿಲ್ಲ, ಅದಕ್ಕೇ ಮೈಮೇಲೆ ಬರುತ್ತದೆ.

ಇಂಥ ನಾಯಿ ಕಚ್ಚುವುದು ಯಾರನ್ನು? ಕಳ್ಳನನ್ನಲ್ಲ. ಕಳ್ಳ ಕೈಯಲ್ಲಿ ಬಡಿಗೆ ಹಿಡಿದೇ ಬಂದಿರುತ್ತಾನೆ, ಅವನು ಎರಡು ಸಲ ಗದರಿದರೆ ಇದು ಬಂಡಿಯ ಕೆಳಗೆ ಸೇರುತ್ತದೆ. ಕಚ್ಚಿಸಿಕೊಳ್ಳುವವರು ಸೂಟಿಗೆ ಬಂದ ಮಗಳ ಮಕ್ಕಳು, ಚೆಂಡು ಹೆಕ್ಕಲು ಬಗ್ಗಿದ ಪಕ್ಕದ ಮನೆಯ ಹುಡುಗ, ಹಾಲು ಹಾಕುವವರು. ಲೋಕಾಪುರದ ಕಡೆಯ ಒಬ್ಬ ರೈತರು ತಮ್ಮ ನಾಯಿಯನ್ನು ವರ್ಷಗಟ್ಟಲೆ ಹೊಗಳುತ್ತಿದ್ದರು, "ಹುಲಿ ಐತ್ರಿ, ಹುಲಿ" ಎಂದು. ಕಬ್ಬಿನ ಹಂಗಾಮಿನಲ್ಲಿ ಅದರ ಸರಪಳಿ ಕಳಚಿತು. ಹೊಲದ ತುಂಬ ಗುರುತಿಲ್ಲದ ಕಡಿಯುವ ಆಳುಗಳಿದ್ದರು, ಹುಲಿ ಅತ್ತ ತಲೆ ಹಾಕಲಿಲ್ಲ. ಓಡಿ ಮನೆಯೊಳಗೆ ಹೊಕ್ಕು, ಹಿಡಿಯಲು ಬಂದ ಅವರ ಹೆಂಡತಿಯ ಮುಂಗೈ ಹರಿಯಿತು.

ಕಚ್ಚಿದ ಗಾಯಕ್ಕೂ ನಮ್ಮಲ್ಲಿ ಕೆಲವರು ಖಾರದ ಪುಡಿ ಒತ್ತುತ್ತಾರೆ. ದಯವಿಟ್ಟು ಬೇಡ. ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಸಾಕಿದ ನಾಯಿ, ಲಸಿಕೆ ಆಗಿದೆ ಎಂದು ಕೂರಬೇಡಿ. ರೇಬೀಸ್ ಚುಚ್ಚುಮದ್ದು ಬೇಕೋ ಬೇಡವೋ ಎಂದು ಹೇಳಬೇಕಾದವರು ಮನುಷ್ಯರ ಡಾಕ್ಟರು, ನಾನಲ್ಲ, ನೀವೂ ಅಲ್ಲ.

ಮುಧೋಳ ತಳಿಯ ಮರಿ ತಂದವರಿಗೆ ಇನ್ನೊಂದು ಮಾತು. ಘೋರ್ಪಡೆ ಅರಸರು ಪೋಷಿಸಿದ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಾಯಿ ಎಂಬ ಹೆಮ್ಮೆ ನನಗೂ ಇದೆ. ಆದರೆ ಅದು ಓಟದ ನಾಯಿ, ಮೊಲ ಕಂಡರೆ ಕಣ್ಣಳತೆಯಲ್ಲೇ ಬೆನ್ನಟ್ಟುವ ನಾಯಿ. ಹೊರಗಿನವರು ಮೈ ಸವರಲು ಬಂದರೆ ಸರಿದು ನಿಲ್ಲುವುದು ಅದರ ಸ್ವಭಾವ. ಈ ಸಂಕೋಚದ ಮೇಲೆ ನೀವು ಕತ್ತಲನ್ನೂ ಹೇರಿದರೆ ಉಳಿಯುವುದು ಬರೀ ನಡುಕ. 2016ರಲ್ಲಿ ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಈ ತಳಿಯ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. ಅಲ್ಲಿ ಅವನ್ನು ಮೂಲೆಗೆ ಕಟ್ಟಿ ಖಾರ ತಿನ್ನಿಸಲಿಲ್ಲ.

"ಹದಿನಾರು ವಾರ ಹೊರಗ ಬಿಡಬ್ಯಾಡ್ರಿ ಅಂತ ನೀವ ಹೇಳಿದ್ರೆಲ್ಲ?" ಎಂದು ಇಲ್ಲಿ ಹಿಡಿದುಹಾಕುತ್ತಾರೆ. ಹೇಳಿದ್ದು ನಿಜ. ಮರಿಗಳಿಗೆ ವಾಂತಿ, ರಕ್ತಭೇದಿ ಹತ್ತಿಸುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆರರಿಂದ ಎಂಟು ವಾರಕ್ಕೆ ಶುರುವಾದ ಲಸಿಕೆಯನ್ನು ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಕೊಡಬೇಕು, ಒಂದು ಸೂಜಿಗೆ ಕೆಲಸ ಮುಗಿಯುವುದಿಲ್ಲ. ಆದರೆ ನಾನು ಬೇಡ ಎಂದದ್ದು ಬೀದಿಯ ನೆಲವನ್ನು, ಊರನ್ನಲ್ಲ. ಎತ್ತಿಕೊಂಡು ಹೋಗಿ. ಕಟ್ಟೆಯ ಮೇಲೆ ತೊಡೆಯಲ್ಲಿ ಕೂರಿಸಿಕೊಂಡು ಹೋಗಿ ಬರುವವರನ್ನು ತೋರಿಸಿ. ರುಮಾಲು ಸುತ್ತಿದವರು, ಹೆಲ್ಮೆಟ್ ಹಾಕಿದವರು, ಬುರ್ಖಾ ತೊಟ್ಟವರು, ಕೋಲೂರಿ ನಡೆಯುವ ಮುತ್ಯಾ, ಕುಣಿದಾಡುವ ಮಕ್ಕಳು. ಮನೆಗೆ ಬಂದವರ ಕೈಯಿಂದ ಒಂದು ತುಣುಕು ರೊಟ್ಟಿ ಕೊಡಿಸಿ. ಬಂದವರು ಮರಿಯನ್ನು ಹಿಡಿಯಬಾರದು, ಮರಿಯೇ ಅವರ ಹತ್ತಿರ ಹೋಗಬೇಕು. ಬಾಜಿನ ಕೆಳಗೆ ಅಡಗಿದರೆ ಎಳೆದು ತರಬೇಡಿ. "ಅಂಜಿಕಿ ಬಿಡಸ್ತೀನಿ" ಎಂದು ಹೆದರಿದ ಮರಿಯನ್ನು ಮಂದಿಯ ನಡುವೆ ನೂಕುವುದು ಕತ್ತಲಲ್ಲಿ ಕಟ್ಟುವುದರಷ್ಟೇ ಕೆಟ್ಟದ್ದು.

ಸದ್ದೂ ಹಾಗೆಯೇ. ನಮ್ಮೂರ ಹೋಳಿಯ ಹಲಗೆ ಬಾರಿಸುವುದು ಗೊತ್ತಲ್ಲ, ಆ ದಿನಗಳಲ್ಲಿ ಗಾಬರಿ ಬಿದ್ದು ತಪ್ಪಿಸಿಕೊಂಡ ನಾಯಿಗಳ ಫೋನ್ ನನಗೆ ಬರುತ್ತಲೇ ಇರುತ್ತವೆ. ದೂರದ ಓಣಿಯಲ್ಲಿ ಹಲಗೆ ಕೇಳುವಾಗ ಮರಿಗೆ ಊಟ ಇಡಿ. ಹತ್ತಿರಕ್ಕೆ ಒಯ್ಯಲು ಅವಸರ ಬೇಡ.

ನವನಗರದ ಒಬ್ಬ ಅಜ್ಜಿ ಈ ಯಾವ ಪಾಠವನ್ನೂ ಕೇಳಿದವರಲ್ಲ. ಮರಿ ಒಂದೇ ಬಿಟ್ಟರೆ ಅಳುತ್ತದೆ ಎಂದು ಸೆರಗಿನಲ್ಲಿ ಸುತ್ತಿಕೊಂಡು ಸಂತೆಗೆ, ಮಠಕ್ಕೆ, ಹಿಟ್ಟಿನ ಗಿರಣಿಗೆ ಒಯ್ಯುತ್ತಿದ್ದರು. ಗಿರಣಿಯ ಸದ್ದಿಗೆ ನಿದ್ದೆ ಹೋಗುತ್ತಿದ್ದ ಕುನ್ನಿ ಅದು. ಈಗ ಎದೆಯೆತ್ತರ ಬೆಳೆದಿದೆ. ಗೇಟು ಸಪ್ಪಳವಾದರೆ ಮುಂಗಾಲು ಊರಿ ನಿಂತು ದಪ್ಪ ದನಿಯಲ್ಲಿ ಬೊಗಳುತ್ತದೆ. ಮೀಟರ್ ಓದಲು ಬಂದವರು ಹೊರಗೇ ನಿಲ್ಲುತ್ತಾರೆ. ಅಜ್ಜಿ "ಸುಮ್ನಿರೋ, ನಮ್ಮವ್ರ" ಅಂದರೆ ಸುಮ್ಮನಾಗುತ್ತದೆ. ಬೊಗಳುವುದನ್ನು ಯಾರೂ ಕಲಿಸಲಿಲ್ಲ. ಪ್ರಾಯಕ್ಕೆ ಬರುತ್ತಿದ್ದಂತೆ ತನ್ನ ಅಂಗಳ ಎಂಬ ಬುದ್ಧಿ ಸಾಮಾನ್ಯವಾಗಿ ತಾನಾಗಿ ಬರುತ್ತದೆ.

ಎಲ್ಲ ಮರಿಗಳೂ ಹೀಗೇ ಆಗುತ್ತವೆ ಎಂದು ನಾನು ಖಾತ್ರಿ ಕೊಡಲಾರೆ. ತಾಯಿ ಅಂಜುಬುರುಕಿಯಾದರೆ ಮರಿಯಲ್ಲೂ ಅದು ಇಳಿದಿರಬಹುದು. ವರ್ಷ ದಾಟಿದ, ಆಗಲೇ ಹೆದರಿ ಕಚ್ಚುತ್ತಿರುವ ನಾಯಿ ನಿಮ್ಮಲ್ಲಿದ್ದರೆ ಇದನ್ನು ಓದಿಕೊಂಡು ನಾಳೆಯೇ ಬಜಾರಿಗೆ ಎಳೆದೊಯ್ಯಬೇಡಿ. ಅದಕ್ಕೆ ನಿಧಾನದ ದಾರಿ ಬೇರೆ ಇದೆ. ಎಲ್ಲಾದರೂ ನೋವಿದೆಯೇ ಎಂದು ಮೊದಲು ಪರೀಕ್ಷೆ ಆಗಬೇಕು, ಬಾಯಿಗೆ ಕುಕ್ಕೆ ರೂಢಿ ಮಾಡಿಸಬೇಕು. ಪೂರ್ತಿ ಗುಣ ಕಾಣದೆಯೂ ಇರಬಹುದು. ಸದಾ ಕಟ್ಟಿಯೇ ಇಟ್ಟು ಅಡ್ಡಾಡಿಸದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ ಎಂಬುದೂ ತಿಳಿದಿರಲಿ.

ಮರಿ ಸಣ್ಣದಿದ್ದವರು ಒಂದು ಕೆಲಸ ಮಾಡಿ. ಲಸಿಕೆ ಇಲ್ಲದ ದಿನವೂ ಒಮ್ಮೆ ಕ್ಲಿನಿಕ್ಕಿಗೆ ಕರೆತನ್ನಿ. ರೋಗದ ನಾಯಿಗಳು ಕೂರುವ ಬೆಂಚಿನ ಹತ್ತಿರ ಬೇಡ, ಹೊರಗಿನಿಂದಲೇ ನನಗೆ ಫೋನ್ ಮಾಡಿ. ತೂಕ ನೋಡಿ, ಕಿವಿ, ಪಾದ, ಬಾಯಿ ಮುಟ್ಟಿ, ಒಂದು ಬಿಸ್ಕಿಟ್ ಚೂರು ತಿನ್ನಿಸಿ ಕಳಿಸುತ್ತೇನೆ. ಫೀ ಇಲ್ಲ. ಬೆಳೆದ ಮೇಲೆ ನನ್ನ ಕೈ ಕಚ್ಚದಿದ್ದರೆ ನನಗೂ ಲಾಭವೇ.