ನೀಲಿ ಟಾರ್ಪಾಲಿಗೆ ಬೆಚ್ಚುವ ಕುದುರೆ

ಭಾನುವಾರ ಬೆಳಿಗ್ಗೆ ಬೇಗ ಎದ್ದು ಹೆಸರಘಟ್ಟ, ಯಲಹಂಕ, ದೇವನಹಳ್ಳಿ ಕಡೆ ಹೋದರೆ, ಹೊಲದ ಬದಿಯ ಮಣ್ಣುದಾರಿಯಲ್ಲಿ ಸಾಲಾಗಿ ಹೊರಟ ಕುದುರೆಗಳು ಕಣ್ಣಿಗೆ ಬೀಳುವುದುಂಟು. ಮೇಲೆ ಕೂತವರಲ್ಲಿ ಹೆಚ್ಚಿನವರು ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು ಬಂದವರು. ರೈಡಿಂಗ್ ಸ್ಕೂಲಿನ ಬೇಲಿಯೊಳಗೆ ಹೇಳಿದ ಹಾಗೆ ಕೇಳುವ ಕುದುರೆ ಗೇಟು ದಾಟಿದ ಮೇಲೆ ಬೇರೆಯೇ ಆಗಿಬಿಡುತ್ತದೆ. ಕತ್ತು ಎತ್ತುತ್ತದೆ. ಕಿವಿ ಅತ್ತಿತ್ತ ತಿರುಗುತ್ತಲೇ ಇರುತ್ತವೆ. ಹಿಮ್ಮಡಿ ಒತ್ತಿದರೂ ಕ್ಯಾರೇ ಅನ್ನುವುದಿಲ್ಲ. ಬೋರ್‌ವೆಲ್ ಮೋಟರಿಗೆ ಹೊದಿಸಿದ ನೀಲಿ ಟಾರ್ಪಾಲಿನ ಒಂದು ಮೂಲೆ ಪಟಪಟ ಅಂದಿದ್ದೇ ತಡ, ದಾರಿಯ ಈ ಅಂಚಿನಿಂದ ಆ ಅಂಚಿಗೆ ಛಂಗನೆ ಹಾರುತ್ತದೆ. ಸವಾರರ ಒಂದು ಕಾಲು, ಪಾದ ಇಡುವ ರಿಕಾಪಿನಿಂದ ಆಚೆ, ಎರಡೂ ಕೈ ಜೂಲಿನಲ್ಲಿ.

ಇಂಥದ್ದೇ ಒಂದು ಗಳಿಗೆಯಲ್ಲಿ ಕಿವಿಗೆ ಬಿದ್ದ ಮಾತು ಇದು.

“ಏನಣ್ಣಾ ಇದು, ಹೋಗ್ತಾ ಇದೇ ಟಾರ್ಪಾಲ್ ಪಕ್ಕ ಸುಮ್ನೆ ಹೋಯ್ತಲ್ಲ! ಗಮನಾನೇ ಇಲ್ಲ ಇದಕ್ಕೆ.”

“ಹೋಗ್ತಾ ಆ ಕಡೆಯಿಂದ ನೋಡಿತ್ತು ಮೇಡಂ. ಈಗ ಈ ಕಡೆಯಿಂದ ನೋಡ್ತಿದೆ,” ಅಂದರು ಕುದುರೆ ನೋಡಿಕೊಳ್ಳುವ ಸೈಸ್.

ಕೇಳಲು ನೆಪದ ಹಾಗಿದೆ. ಆದರೆ ಸೈಸ್ ಮಾತಿಗೆ ಪ್ರಯೋಗದ ಬೆಂಬಲವಿದೆ. ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಇದನ್ನೇ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕೆ ಹೆಸರಾದ ಟೆಂಪಲ್ ಗ್ರ್ಯಾಂಡಿನ್ ಕೂಡ ಆ ತಂಡದಲ್ಲಿದ್ದರು. ಮಕ್ಕಳು ಜಾರುಬಂಡೆ ಆಡುವ ಪ್ಲಾಸ್ಟಿಕ್ ಆಟದ ಸೆಟ್ ಒಂದನ್ನು ಇಟ್ಟು, ಅದರ ಪಕ್ಕದಲ್ಲಿ ಎಳೆಯ ಕುದುರೆಗಳನ್ನು ಮತ್ತೆ ಮತ್ತೆ ನಡೆಸಿದರು. ಅವುಗಳ ಅಂಜಿಕೆ ಹೋಯಿತು. ಆಮೇಲೆ ಅದೇ ಸೆಟ್ಟನ್ನು ಅದೇ ಜಾಗದಲ್ಲಿ 90 ಡಿಗ್ರಿ ತಿರುಗಿಸಿಟ್ಟರು, ಅಷ್ಟೇ. ಕುದುರೆಗಳು ಹೊಸದೇನನ್ನೋ ಕಂಡ ಹಾಗೆ ಮತ್ತೆ ಬೆದರಿದವು. ಇದನ್ನು ವಿವರಿಸಲು ಕುದುರೆ ಸವಾರರಲ್ಲಿ ಒಂದು ಹಳೆಯ ನಂಬಿಕೆ ಇದೆ: ಎಡಗಣ್ಣು ನೋಡಿದ್ದು ಬಲಗಣ್ಣಿನ ಕಡೆಯ ಮೆದುಳಿಗೆ ಗೊತ್ತಾಗುವುದಿಲ್ಲ ಅಂತ. ಅದು ತಪ್ಪು. ಒಂದು ಕಣ್ಣು ಮುಚ್ಚಿ ಕಲಿಸಿದ ಗುರುತನ್ನು ಕುದುರೆಗಳು ಇನ್ನೊಂದು ಕಣ್ಣಿನಿಂದಲೂ ಹಿಡಿಯುತ್ತವೆ ಎಂದು ಎವ್ಲಿನ್ ಹಾಂಗಿ ಎಂಬ ಸಂಶೋಧಕಿ 1999ರಲ್ಲೇ ತೋರಿಸಿದ್ದರು. ಮಾಹಿತಿ ದಾಟುತ್ತದೆ. ಆದರೆ ವಸ್ತುವಿನ ಆಕಾರ ಬೇರೆಯಾಗಿ ಕಂಡರೆ ಕುದುರೆಯ ಲೆಕ್ಕದಲ್ಲಿ ಅದು ಬೇರೆಯ ವಸ್ತುವೇ.

ಹಾಗಾಗಿ ‘ಗಮನವೇ ಇಲ್ಲ’ ಅನ್ನುವ ದೂರನ್ನು ನಾನು ಒಪ್ಪುವುದಿಲ್ಲ. ಗಮನ ಬೇಕಾದಷ್ಟಿದೆ. ಬೇಲಿ, ಟಾರ್ಪಾಲು, ದೂರದ ಟ್ರ್ಯಾಕ್ಟರು, ಪೊದೆಯೊಳಗಿನ ಗೌಜಲಹಕ್ಕಿ, ಎಲ್ಲದಕ್ಕೂ ಅದು ಹಂಚಿಹೋಗಿದೆ. ಸವಾರರ ಪಾಲಿಗೆ ಉಳಿದಿರುವುದು ಸ್ವಲ್ಪವೇ.

ಕುದುರೆಯ ಕಣ್ಣನ್ನು ಹತ್ತಿರದಿಂದ ನೋಡಿದ್ದೀರಾ? ನೆಲದ ಮೇಲಿನ ಪ್ರಾಣಿಗಳಲ್ಲಿ ಇಷ್ಟು ದೊಡ್ಡ ಕಣ್ಣು ಇರುವುದು ಬಹಳ ಕಡಿಮೆ. ಪಾಪೆ ನಮ್ಮದರ ಹಾಗೆ ದುಂಡಗಿಲ್ಲ, ಅಡ್ಡಡ್ಡವಾಗಿ ಉದ್ದಕ್ಕಿದೆ. ಕಣ್ಣುಗಳು ತಲೆಯ ಎರಡು ಬದಿಯಲ್ಲಿರುವುದರಿಂದ ನಿಂತಲ್ಲೇ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಬಾಲದ ನೇರ ಹಿಂದೆ, ಮತ್ತೆ ಹಣೆಯ ನೇರ ಮುಂದೆ ಹಾಗೂ ಮೂಗಿನ ಕೆಳಗೆ ಒಂದಿಷ್ಟು ಜಾಗ. ದಾರಿಗೆ ಅಡ್ಡ ಬಿದ್ದ ಕಪ್ಪು ಡ್ರಿಪ್ ಪೈಪು ದೂರದಿಂದ ಕಂಡು, ಹತ್ತಿರ ಬಂದಾಗ ಮಾಯವಾಗುತ್ತದೆ. ಆಗ ಕುದುರೆ ತಲೆ ತಗ್ಗಿಸಿ, ಓರೆ ಮಾಡಿ ಹುಡುಕುತ್ತದೆ. ಮೇಲೆ ಕೂತವರು ಅದನ್ನು ಹಟ ಅಂದುಕೊಂಡು ಲಗಾಮು ಎಳೆಯುತ್ತಾರೆ.

ಆ ಅಡ್ಡ ಪಾಪೆಯ ಬಗ್ಗೆ 2015ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಮಾರ್ಟಿನ್ ಬ್ಯಾಂಕ್ಸ್ ತಂಡ ಕಂಡುಕೊಂಡದ್ದು ಬಹಳ ಸೊಗಸಾಗಿದೆ. ಮೇಯಲು ತಲೆ ಬಗ್ಗಿಸಿದಾಗ ಪಾಪೆಯೂ ಓರೆಯಾಗಬೇಕಿತ್ತು, ಅಲ್ವಾ? ಆಗುವುದಿಲ್ಲ. ಕಣ್ಣುಗುಡ್ಡೆ ಗೂಡಿನೊಳಗೇ ತಿರುಗಿ ಪಾಪೆಯನ್ನು ನೆಲಕ್ಕೆ ಸಮನಾಗಿ ಇಡುತ್ತದೆ. ಬಾಯಿ ಹುಲ್ಲಿನಲ್ಲಿದ್ದರೂ ಕಾವಲು ಕಾಯುವ ಕಣ್ಣು ಬಯಲಿನ ಅಂಚಿನ ಮೇಲೇ ಇರುತ್ತದೆ. ಕುದುರೆ ವಂಶ ಐದು ಕೋಟಿ ವರ್ಷಕ್ಕೂ ಹಿಂದಿನದು. ಈಗಿನ ಸಾಕು ಕುದುರೆಗಳ ಮೂಲದ ತಳಿ ರಷ್ಯಾದ ಹುಲ್ಲುಗಾವಲಿನಿಂದ ಹರಡತೊಡಗಿ ನಾಲ್ಕು ಸಾವಿರ ವರ್ಷದ ಮೇಲೆ ಸ್ವಲ್ಪ ಆಗಿರಬಹುದು. ಉಳಿದ ಕಾಲವೆಲ್ಲ ಬದುಕಿದ್ದು ಮೊದಲು ಓಡಿ, ಆಮೇಲೆ ತಿರುಗಿ ನೋಡಿದ್ದರಿಂದ.

ಇಷ್ಟು ಅಗಲ ಕಾಣುವುದಕ್ಕೆ ಕುದುರೆ ಬೆಲೆ ತೆರುತ್ತದೆ. ಎರಡೂ ಕಣ್ಣು ಒಟ್ಟಿಗೆ ಕಾಣುವ, ಆಳ ಸರಿಯಾಗಿ ಗೊತ್ತಾಗುವ ಭಾಗ ಮುಂದುಗಡೆ 60 ಡಿಗ್ರಿ ಆಸುಪಾಸು ಮಾತ್ರ. ವಿವರ ಕಾಣುವುದೂ ನಮಗಿಂತ ಕಡಿಮೆ. ನಮಗೆ 30 ಅಡಿಯಿಂದ ಗುರುತು ಸಿಗುವುದಕ್ಕೆ ಅದು ಸುಮಾರು 20 ಅಡಿಗೆ ಬರಬೇಕು. ಆದರೆ ಕಣ್ಣಂಚಿನಲ್ಲಿ ಏನಾದರೂ ಅಲುಗಿದರೆ ತಕ್ಷಣ ತಿಳಿಯುತ್ತದೆ. ಅಂದರೆ ಏನೋ ಅಲುಗಿತು ಅನ್ನುವುದು ಮೊದಲು, ಅದು ಏನು ಅನ್ನುವುದು ಬಹಳ ಆಮೇಲೆ. ಬಣ್ಣದ ವಿಷಯವೂ ತಮಾಷೆಯಾಗಿದೆ. ಕುದುರೆಗೆ ನೀಲಿ, ಹಳದಿ ಎದ್ದು ಕಾಣುತ್ತವೆ. ಕೆಂಪು ಮತ್ತು ಹಸಿರು ಒಂದರಿಂದ ಒಂದು ಬೇರೆಯಾಗುವುದು ಕಷ್ಟ. ನಮ್ಮೂರಿನ ಹೊರವಲಯದಲ್ಲಿ ಎಲ್ಲೆಲ್ಲೂ ಇರುವುದು ಏನು ಹೇಳಿ? ನೀಲಿ ಟಾರ್ಪಾಲು, ಹಳದಿ ಜೆಸಿಬಿ. ಇನ್ನು ಬೆಳಕಿನಿಂದ ಕತ್ತಲಿಗೆ ಕಣ್ಣು ಒಗ್ಗಿಸಿಕೊಳ್ಳುವುದು ನಮಗಿಂತ ನಿಧಾನ. ರೈಲ್ವೆ ಅಂಡರ್‌ಪಾಸ್ ಬಾಯಲ್ಲಿ ನಿಂತುಬಿಡುವ ಕುದುರೆಗೆ ಒಳಗೆ ಏನೂ ಕಾಣುತ್ತಿಲ್ಲ ಅಂತ ಮೊದಲು ಅಂದುಕೊಳ್ಳಿ.

ಕಿವಿಯ ಕಥೆಯೂ ಇದೇ ಥರ. ಸುಮಾರು 33,000 ಹರ್ಟ್ಸ್‌ವರೆಗಿನ ಕೀರಲು ಶಬ್ದ ಕುದುರೆಗೆ ಕೇಳುತ್ತದೆ. ನಮ್ಮದು 20,000ಕ್ಕೇ ಮುಗಿಯುತ್ತದೆ. ಆದರೆ ಶಬ್ದ ಯಾವ ಕಡೆಯಿಂದ ಬಂತು ಅನ್ನುವುದರಲ್ಲಿ ನಾವೇ ಜಾಣರು. ಒಂದು ಡಿಗ್ರಿಯಷ್ಟು ವ್ಯತ್ಯಾಸವನ್ನೂ ಮನುಷ್ಯ ಹಿಡಿಯಬಲ್ಲ, ಕುದುರೆಗೆ 25 ಡಿಗ್ರಿಯಷ್ಟು ಅಂತರ ಬೇಕು. ಶಬ್ದ ಕೇಳಿತು, ಎಲ್ಲಿಂದ ಅಂತ ಗೊತ್ತಿಲ್ಲ. ಇದಕ್ಕಿಂತ ಗಾಬರಿಯ ಸ್ಥಿತಿ ಇನ್ನೇನಿದೆ? ಆಷಾಢದ ಗಾಳಿಯಲ್ಲಿ ಸಮಾಧಾನದ ಕುದುರೆಯೂ ಯಾಕೆ ಚಡಪಡಿಸುತ್ತದೆ ಅನ್ನುವುದು ಈಗ ಅರ್ಥವಾಗಬಹುದು. ನೀಲಗಿರಿ ತೋಪಿನ ಎಲೆಗಳೆಲ್ಲ ಒಟ್ಟಿಗೆ ಅಲುಗುತ್ತಿವೆ, ಗಾಳಿಯ ಸದ್ದಿನಲ್ಲಿ ಬೇರೆ ಸದ್ದು ಮುಚ್ಚಿಹೋಗಿದೆ. ಇಂಥ ದಿನ ಹೊಸ ಸವಾರರನ್ನು ಹೊರಗೆ ಕಳಿಸುವ ರೈಡಿಂಗ್ ಸ್ಕೂಲಿನ ಬುದ್ಧಿಗೆ ಏನು ಹೇಳಬೇಕೋ.

ಇಷ್ಟೆಲ್ಲದರ ಮೇಲೆ ಬೆನ್ನ ಮೇಲೆ ನಾವು ಕೂತಿರುತ್ತೇವೆ. ಸ್ವೀಡನ್ನಿನಲ್ಲಿ ಲಿಂಡಾ ಕೀಲಿಂಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಜನ ಕುದುರೆಯನ್ನು ಒಂದೇ ದಾರಿಯಲ್ಲಿ ಮತ್ತೆ ಮತ್ತೆ ನಡೆಸಬೇಕು ಅಥವಾ ಸವಾರಿ ಮಾಡಬೇಕು. ನಾಲ್ಕನೇ ಸಲಕ್ಕೆ ಮುಂಚೆ, ‘ಈ ಸಲ ಕುದುರೆ ಹತ್ತಿರ ಬಂದಾಗ ಒಂದು ಕೊಡೆ ಬಿಚ್ಚುತ್ತೇವೆ’ ಅಂತ ಹೇಳಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು. ಅದರ ಜೊತೆ ಕುದುರೆಗಳದ್ದೂ ಏರಿತು. ಕುದುರೆಗೆ ಕೊಡೆಯ ಸುದ್ದಿ ಯಾರೂ ಹೇಳಿರಲಿಲ್ಲ. ಬಿಗಿಯಾದ ತೊಡೆ, ಗಿಡ್ಡವಾದ ಲಗಾಮು, ನಿಂತ ಉಸಿರು, ಹೇಳಲು ಇವು ಸಾಕು. ಟಾರ್ಪಾಲು ಕಂಡು ‘ಅಯ್ಯೋ, ಈಗ ಹಾರುತ್ತೆ’ ಅಂತ ನೀವು ಅಂದುಕೊಂಡ ಕ್ಷಣ, ಅಲ್ಲೇನೋ ಇದೆ ಅಂತ ಕುದುರೆಗೂ ಖಾತ್ರಿಯಾಗುತ್ತದೆ.

ಬೆಂಗಳೂರಿನಲ್ಲಿ ಇದಕ್ಕೊಂದು ಹೆಚ್ಚುವರಿ ತೊಡಕಿದೆ. ಇಲ್ಲಿ ಸವಾರಿಗೆ ಸಿಗುವ ಕುದುರೆಗಳಲ್ಲಿ ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ತಳಿಯವು ಸಾಕಷ್ಟಿವೆ. ರೇಸಿನಲ್ಲಿ ಜಾಕಿ ಲಗಾಮು ಬಿಗಿಯಾಗಿ ಹಿಡಿದಿರುತ್ತಾನೆ, ಕುದುರೆ ಅದಕ್ಕೇ ಒರಗಿ ಓಡುವುದನ್ನು ಕಲಿತಿರುತ್ತದೆ. ಹೆದರಿದ ಸವಾರ ನಿಲ್ಲಿಸಬೇಕೆಂದು ಎರಡೂ ಕೈಯಲ್ಲಿ ಜಗ್ಗಿದರೆ ಅದಕ್ಕೆ ನೆನಪಾಗುವುದು ಆ ಹಳೇ ಪಾಠ. ಇದರ ಜೊತೆ ಹೊಟ್ಟೆಯ ಹುಣ್ಣು. ರೇಸ್ ತರಬೇತಿಯಲ್ಲಿರುವ ಕುದುರೆಗಳಲ್ಲಿ ಶೇ. 80ಕ್ಕಿಂತ ಜಾಸ್ತಿ ಕುದುರೆಗಳಿಗೆ ಅದು ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಸದಾ ಸುರಿಯುತ್ತಿರುತ್ತದೆ, ಹುಲ್ಲು ಸದಾ ಒಳಗಿರಲಿ ಅಂತ. ಎರಡು ಹೊತ್ತು ದಾಣಿ ಹಾಕಿ, ಉಳಿದ ಹೊತ್ತು ಖಾಲಿ ಲಾಯದಲ್ಲಿ ಕಟ್ಟಿಹಾಕಿದ ಕುದುರೆ ಭಾನುವಾರ ಬೆಳಿಗ್ಗೆ ಶಾಂತವಾಗಿರಲಿ ಅಂದರೆ ಹೇಗೆ? ಪಿಷ್ಟದ ದಾಣಿ ಕಡಿಮೆ ಮಾಡಿ, ಹುಲ್ಲು ಹೆಚ್ಚಿಸಿ, ದಿನಕ್ಕೊಂದಿಷ್ಟು ಹೊತ್ತು ಬಯಲಿಗೆ ಬಿಟ್ಟರೆ ಅರ್ಧ ಗಲಾಟೆ ಅಲ್ಲೇ ಕಡಿಮೆಯಾಗುತ್ತದೆ. ಒಂದೇ ಬದಿಗೆ ಬೆಚ್ಚುತ್ತಿದ್ದರೆ ಪಶುವೈದ್ಯರಿಗೆ ಆ ಬದಿಯ ಕಣ್ಣು ತೋರಿಸಿ.

ಇನ್ನು ದಾರಿಯಲ್ಲಿ ಏನು ಮಾಡುವುದು? ಹಾರಿದ ಮೇಲೆ ಮಾಡುವಂಥದ್ದು ಕಡಿಮೆ. ಕೂತುಕೊಳ್ಳಿ, ಉಸಿರು ಬಿಡಿ, ಓಡತೊಡಗಿದರೆ ಒಂದೇ ಬದಿಯ ಲಗಾಮನ್ನು ಮೆಲ್ಲಗೆ ಆ ಬದಿಗೆ ಸರಿಸಿ ಸುತ್ತು ತಿರುಗಿಸಿ. ಕೆಲಸ ಇರುವುದು ಅದಕ್ಕೆ ಮುಂಚಿನ ಕೆಲವು ಹೆಜ್ಜೆಗಳಲ್ಲಿ. ಟಾರ್ಪಾಲು ಇನ್ನೂ ದೂರವಿದ್ದಾಗಲೇ ಸೂಚನೆ ಸಿಗುತ್ತದೆ. ಕತ್ತು ಗಟ್ಟಿಯಾಗುತ್ತದೆ, ಎರಡೂ ಕಿವಿ ಒಂದೇ ಕಡೆ ನೆಟ್ಟು ನಿಲ್ಲುತ್ತವೆ, ಹೆಜ್ಜೆ ಗಿಡ್ಡವಾಗುತ್ತದೆ. ಅಲ್ಲೇ ನಿಲ್ಲಿಸಿ. ಲಗಾಮು ಸಡಿಲ ಬಿಟ್ಟು ನೋಡಲು ಬಿಡಿ. ದೂರದ್ದನ್ನು ನೋಡಲು ಅದಕ್ಕೆ ತಲೆ ಎತ್ತಬೇಕು, ಎತ್ತಲಿ. ಸ್ವಲ್ಪ ಹೊತ್ತಿಗೆ ಮೂಗಿನಿಂದ ಉದ್ದಕ್ಕೆ ಉಸಿರು ಬಿಡುತ್ತದೆ, ಬಾಯಾಡಿಸುತ್ತದೆ, ಒಂದು ಕಿವಿ ನಿಮ್ಮ ಕಡೆ ತಿರುಗುತ್ತದೆ. ಆ ಒಂದು ಕಿವಿ ತಿರುಗುವವರೆಗೆ ಏನೂ ಕೇಳಬೇಡಿ. ತಿರುಗಿದ ಮೇಲೆ ಎರಡು ಹೆಜ್ಜೆ ಮುಂದೆ, ಮತ್ತೆ ನಿಲ್ಲು. ಜೂಲು ಮುಗಿದು ಬೆನ್ನು ಶುರುವಾಗುವ ಜಾಗದಲ್ಲಿ ಬೆರಳಿನಿಂದ ಕೆರೆಯಿರಿ. ಕುದುರೆಗಳು ಒಂದನ್ನೊಂದು ಕಚ್ಚಿ ಕೆರೆಯುವುದು ಅಲ್ಲೇ. ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ ಎಂದು 1993ರಲ್ಲಿ ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ಅಳೆದು ನೋಡಿದ್ದಾರೆ.

ಪಕ್ಕದಲ್ಲಿ ದಾಟುವಾಗ ಕತ್ತನ್ನು ಟಾರ್ಪಾಲಿನಿಂದ ತುಸು ಆಚೆಗೆ ತಿರುಗಿಸಿಡಿ. ಮೂತಿಯನ್ನು ಅದರ ಕಡೆಗೇ ಎಳೆದು ‘ನೋಡು ನೋಡು’ ಅಂದರೆ ಹಿಂಭಾಗ ಆಚೆ ಜಾರುತ್ತದೆ, ಹಾರಲು ದಾರಿ ಮಾಡಿಕೊಟ್ಟ ಹಾಗೆ. ನಿಮ್ಮ ಕಣ್ಣೂ ಟಾರ್ಪಾಲಿನ ಮೇಲೆ ಬೇಡ. ಸ್ಕೂಟರಿನಲ್ಲಿ ಗುಂಡಿಯನ್ನೇ ನೋಡುತ್ತಾ ಹೋದರೆ ಚಕ್ರ ಗುಂಡಿಗೇ ಇಳಿಯುತ್ತದಲ್ಲ, ಇಲ್ಲೂ ಅದೇ. ಮುಂದಿನ ತಿರುವಿನ ಮರವನ್ನು ನೋಡಿ. ಚಾಟಿ ಬೀಸುವುದಂತೂ ಶುದ್ಧ ದಡ್ಡತನ. ಟಾರ್ಪಾಲು ನೋಡಿದಾಗಲೇ ಏಟು ಬಿದ್ದರೆ, ಟಾರ್ಪಾಲು ಕಚ್ಚುತ್ತದೆ ಅನ್ನುವುದು ಕುದುರೆಗೆ ರುಜುವಾತಾಯಿತು. ಬೆಚ್ಚಿದ ಕೂಡಲೇ ಮನೆ ಕಡೆ ತಿರುಗಿಸುವುದೂ ತಪ್ಪೇ. ಬೆಚ್ಚಿದರೆ ಮನೆಗೆ ಹೋಗಬಹುದು ಅಂತ ಬೇಗ ಕಲಿಯುತ್ತದೆ. ಹಿಂದೆ ಸರಿಯಲೇಬೇಕಾದರೆ, ಸಮಾಧಾನವಾಗಿ ನಿಂತ ಮೇಲೆ ಸರಿಯಿರಿ. ಇಳಿದು ಕೈಯಲ್ಲಿ ಹಿಡಿದು ನಡೆಸಿದರೆ ನಾಚಿಕೆಯೇನಿಲ್ಲ.

ನಿಧಾನ ಅನ್ನುವುದು ಮೆತ್ತನೆಯ ಮನಸ್ಸಿನವರ ಸಲಹೆ ಅಂತ ಕೆಲವರು ನಗುತ್ತಾರೆ. ಡೆನ್ಮಾರ್ಕಿನಲ್ಲಿ ಯಾನ್ನೆ ಕ್ರಿಸ್ಟೆನ್ಸನ್ ಎಂಬ ಸಂಶೋಧಕಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲುಗುವ ಬಿಳಿ ನೈಲಾನ್ ಚೀಲಕ್ಕೆ ಎಳೆಯ ಗಂಡು ಕುದುರೆಗಳನ್ನು ಬೇರೆ ಬೇರೆ ರೀತಿಯಲ್ಲಿ ಒಗ್ಗಿಸಿದರು. ಒಂದೇ ಏಟಿಗೆ ಪೂರ್ತಿ ಎದುರಿಸುವ ಹಾಗೆ ಮಾಡಿದ ಗುಂಪಿನಲ್ಲಿ ಕೆಲವು ಕುದುರೆ ಕಲಿಯಲೇ ಇಲ್ಲ. ಸ್ವಲ್ಪ ಸ್ವಲ್ಪವಾಗಿ ಹತ್ತಿರ ತಂದ ಗುಂಪಿನಲ್ಲಿ ಎಲ್ಲವೂ ಕಲಿತವು. ಅನುಭವಿ ಕುದುರೆಯ ಜೊತೆಗಿದ್ದರೆ ಹೊಸದರ ಭಯ ಕಡಿಮೆಯಾಗುತ್ತದೆ ಎಂದು ಆಮೇಲಿನ ಕೆಲಸದಲ್ಲಿ ತೋರಿಸಿದರು. ಟ್ರೇಲಿನಲ್ಲಿ, ಅಂದರೆ ಬೇಲಿಯಾಚೆಯ ಸವಾರಿಯಲ್ಲಿ, ಮುದಿ ಕುದುರೆಯನ್ನು ಮುಂದೆ ಬಿಡುವ ಸೈಸ್‌ಗಳಿಗೆ ಇದು ಗೊತ್ತಿದ್ದದ್ದೇ.

ಇದೇ ಪ್ರಾಣಿ ಎಲ್ಲಿಯವರೆಗೆ ಹೋಗಬಲ್ಲದು ಅನ್ನುವುದಕ್ಕೆ ನಮ್ಮೂರಿನದೇ ಉದಾಹರಣೆ ಇದೆ. ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನ ಈವೆಂಟಿಂಗ್‌ನಲ್ಲಿ (ಶಿಸ್ತಿನ ನಡೆ, ಬಯಲಿನ ಓಟ, ಅಡೆತಡೆ ಹಾರುವುದು ಮೂರೂ ಇರುವ ಕುದುರೆ ಸವಾರಿ ಸ್ಪರ್ಧೆ) ಬೆಳ್ಳಿ ಗೆದ್ದರು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸಿನ್ಯೋರ್ ಮೆಡಿಕಾಟ್ ಎಂಬ ಕುದುರೆಯೊಂದಿಗೆ 23ನೇ ಸ್ಥಾನ ಪಡೆದರು. ಈವೆಂಟಿಂಗ್‌ನ ಕ್ರಾಸ್ ಕಂಟ್ರಿ ಸುತ್ತಿನಲ್ಲಿ ಸವಾರರು ಮೊದಲೇ ದಾರಿಯುದ್ದಕ್ಕೂ ನಡೆದು ನೋಡಿಕೊಳ್ಳುತ್ತಾರೆ. ಕುದುರೆಗೆ ಆ ಅವಕಾಶವಿಲ್ಲ. ಹಳ್ಳ, ದಿಮ್ಮಿ, ನೀರು, ಎಲ್ಲವನ್ನೂ ಮೊದಲ ಸಲ ಕಾಣುವುದು ಓಡುತ್ತಿರುವಾಗಲೇ. ಅದರ ಕಣ್ಣು ಕಿವಿಯೂ ಟಾರ್ಪಾಲಿಗೆ ಹಾರಿದ ಕುದುರೆಯದೇ. ಹಿಂದೆ ವರ್ಷಗಟ್ಟಲೆ ದಿನವೂ ನಡೆದ ಪಾಠವಷ್ಟೇ ಬೇರೆ.

ಒಂದಕ್ಕೆ ಮಾತ್ರ ಈ ಪಾಠ ಕಷ್ಟ: ಪಟಾಕಿ. ಟಾರ್ಪಾಲಾದರೆ ದೂರ ನಿಲ್ಲಬಹುದು, ಹತ್ತಿರ ಹೋಗಬಹುದು, ಬೇಕಾದಾಗ ಹಿಂದೆ ಸರಿಯಬಹುದು. ಪಟಾಕಿ ಯಾವಾಗ, ಎಲ್ಲಿ, ಎಷ್ಟು ಜೋರು ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಸದ್ದು ಯಾವ ದಿಕ್ಕಿನದು ಅಂತ ಕುದುರೆಗೂ ಸರಿಯಾಗಿ ತಿಳಿಯದು. ಮೊಬೈಲಿನಲ್ಲಿ ಸಣ್ಣ ಶಬ್ದ ಹಾಕಿ ತಿಂಗಳುಗಟ್ಟಲೆ ಮೊದಲೇ ಒಗ್ಗಿಸಿದರೆ ಒಂದಿಷ್ಟು ಅನುಕೂಲ. ಅಷ್ಟು ಪುರುಸೊತ್ತಿಲ್ಲದಿದ್ದರೆ ದೀಪಾವಳಿಯ ವಾರ ಟ್ರೇಲ್ ರೈಡ್ ಇಟ್ಟುಕೊಳ್ಳಬೇಡಿ. ಪರಿಚಯದ ಲಾಯದಲ್ಲಿ, ಜೊತೆಯ ಕುದುರೆ ಕಣ್ಣಿಗೆ ಕಾಣುವ ಹಾಗೆ ಕಟ್ಟಿ, ಮುಂದೆ ಹುಲ್ಲು ಜಾಸ್ತಿ ಹಾಕಿ. ಬುಕ್ ಮಾಡಿದವರ ದುಡ್ಡು ವಾಪಸ್ ಕೊಟ್ಟುಬಿಡಿ.