ಏಳು ಮೂಲೆಯ ನಕ್ಷತ್ರ

ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೊರಟರೆ ಹೆಬ್ಬಾಳು ಟೋಲ್ ಹತ್ತಿರ ಲಾರಿಗಳ ಸಾಲು ಸಿಗುತ್ತದೆ. ಅದರಲ್ಲಿ ಕಂಟೇನರ್ ಲಾರಿಗಳು ಜಾಸ್ತಿ. ಹೋದ ತಿಂಗಳು ಹಾಗೆ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಮುಂದೆ ಬೂದು ಬಣ್ಣದ ಒಂದು ದೊಡ್ಡ ಪೆಟ್ಟಿಗೆ ಇತ್ತು. ಅದರ ಮೇಲೆ ತಿಳಿನೀಲಿ ಚೌಕ, ಚೌಕದೊಳಗೆ ಬಿಳಿ ನಕ್ಷತ್ರ. ಕಾರಿನಲ್ಲಿದ್ದ ತಮ್ಮನ ಮಗಳು ಬೆರಳು ತೋರಿಸಿ ಎಣಿಸಿದಳು.

"ದೊಡ್ಡಪ್ಪ, ನಕ್ಷತ್ರಕ್ಕೆ ಐದು ಮೂಲೆ ಅಲ್ವಾ? ಇದಕ್ಕೆ ಏಳು ಐತಲ್ಲ!"

ಅದು ಡೆನ್ಮಾರ್ಕಿನ ಮೇರ್ಸ್ಕ್ ಎಂಬ ಹಡಗು ಕಂಪನಿಯ ಗುರುತು. ಆ ಚೌಕ ನಿಜವಾಗಿ ಒಂದು ಬಾವುಟ. ನಮ್ಮೂರಿಂದ ಸಮುದ್ರ ನೋಡಬೇಕಂದರೆ ಘಟ್ಟ ಇಳಿಯಬೇಕು. ಆದರೂ ಹಡಗಿನ ಬಾವುಟವೊಂದು ದಿನವೂ ನಮ್ಮ ಕಣ್ಣ ಮುಂದೆ ಓಡಾಡುತ್ತಿದೆ. ಅದರ ಕತೆ ಗೊತ್ತಾದ ಮೇಲೆ ನನಗೆ ಆ ಲಾರಿಗಳು ಬೇರೆಯದೇ ಥರ ಕಾಣುತ್ತವೆ.

ಹಡಗಿಗೆ ಎರಡು ಬಾವುಟ. ಹಿಂಬದಿಯಲ್ಲಿ ಹಾರುವುದು ದೇಶದ್ದು. ನಡುವಿನ ಎತ್ತರದ ಕಂಬದ ಮೇಲೆ ಹಾರುವುದು ಮಾಲೀಕರದ್ದು. ಇದನ್ನೇ ಹೌಸ್ ಫ್ಲ್ಯಾಗ್ ಅಂತಾರೆ. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲದ ಮೇಲೆ ಮಂಡಿಯವರು ತಮ್ಮ ಮಾರ್ಕು ಹಾಕುತ್ತಾರಲ್ಲ, ಆ ಕೆಲಸವನ್ನೇ ಇದು ಸಮುದ್ರದಲ್ಲಿ ಮಾಡುತ್ತಿತ್ತು. ರೇಡಿಯೊ ಇಲ್ಲದ ಕಾಲ ಅದು. ದಡದಲ್ಲಿ ದುರ್ಬೀನು ಹಿಡಿದು ನಿಂತವನು ಬಾವುಟ ನೋಡಿಯೇ ಯಾರ ಹಡಗು ಅಂತ ಹೇಳಬೇಕಿತ್ತು. ಉಗಿ ಹಡಗು ಬಂದ ಮೇಲೆ ಕಂಪನಿಗಳಿಗೆ ಇನ್ನೊಂದು ಒಳ್ಳೆಯ ಜಾಗ ಸಿಕ್ಕಿತು, ದಪ್ಪನೆಯ ಹೊಗೆ ಕೊಳವೆ. ಗಾಳಿ ಇಲ್ಲದಿದ್ದರೆ ಬಾವುಟ ಮುದುರಿಕೊಳ್ಳುತ್ತದೆ. ಕೊಳವೆಗೆ ಬಳಿದ ಬಣ್ಣ ಯಾವಾಗಲೂ ಕಾಣುತ್ತದೆ.

ಬ್ರಿಟಿಷರ ಪಿ ಅಂಡ್ ಓ ಕಂಪನಿಯ ಬಾವುಟ ಆಗ ಎಲ್ಲರಿಗೂ ಗೊತ್ತಿದ್ದದ್ದು. ಮೂಲೆಯಿಂದ ಮೂಲೆಗೆ ಗೆರೆ ಎಳೆದು ನಾಲ್ಕು ಬಣ್ಣ: ನೀಲಿ, ಬಿಳಿ, ಕೆಂಪು, ಹಳದಿ. ಇದರ ಹಿಂದೆ ಇರುವುದು ಎರಡು ದಾಯಾದಿ ಜಗಳ. 1830ರ ದಶಕದಲ್ಲಿ ಪೋರ್ಚುಗಲ್‌ನಲ್ಲೂ ಸ್ಪೇನ್‌ನಲ್ಲೂ ಸಿಂಹಾಸನಕ್ಕೆ ಹೊಡೆದಾಟ ನಡೆದಿತ್ತು. ಎರಡೂ ಕಡೆ ಒಬ್ಬೊಬ್ಬ ಚಿಕ್ಕ ಹುಡುಗಿ ರಾಣಿ, ಎದುರಿಗೆ ಅವಳ ಚಿಕ್ಕಪ್ಪ. ವಿಲ್ಕಾಕ್ಸ್ ಮತ್ತು ಆಂಡರ್ಸನ್ ಎಂಬ ಹಡಗಿನವರು ರಾಣಿಯರ ಪಕ್ಷಕ್ಕೆ ನೆರವಾದರು. ರಾಣಿಯರು ಗೆದ್ದರು. ಆ ಕಾಲದ ಪೋರ್ಚುಗಲ್ ಬಾವುಟದ ನೀಲಿ-ಬಿಳಿ, ಸ್ಪೇನಿನ ಕೆಂಪು-ಹಳದಿ ಸೇರಿ ಅವರ ಕಂಪನಿಯ ಬಾವುಟವಾಯಿತು. 1837ರಲ್ಲಿ ಆ ಕಡೆಯ ಬಂದರುಗಳಿಗೆ ಟಪಾಲು ಸಾಗಿಸುವ ಗುತ್ತಿಗೆ ಸಿಕ್ಕಿತು. ಮುಂದೆ ಅದೇ ಬಾವುಟ ಹಾರಿಸಿಕೊಂಡು ಭಾರತದ ಟಪಾಲೂ ಬಂತು.

ನಮ್ಮವರು ಸ್ವಂತ ಕಂಪನಿಯ ಬಾವುಟ ಏರಿಸುವುದು ಸುಮ್ನೆ ಆಗಲಿಲ್ಲ. 1906ರಲ್ಲಿ ತೂತುಕುಡಿಯಲ್ಲಿ ವಿ.ಓ. ಚಿದಂಬರಂ ಪಿಳ್ಳೆ ಸ್ವದೇಶಿ ಹಡಗು ಕಂಪನಿ ಕಟ್ಟಿ ಕೊಲಂಬೊಗೆ ಹಡಗು ಓಡಿಸಿದರು. 1908ರಲ್ಲಿ ಅವರನ್ನು ರಾಜದ್ರೋಹದ ಹೆಸರಿನಲ್ಲಿ ಜೈಲಿಗೆ ಹಾಕಿದರು. ಕಂಪನಿ ಮುಳುಗಿತು. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ 'ಲಾಯಲ್ಟಿ' ಹಡಗು ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಇವತ್ತು ರಾಷ್ಟ್ರೀಯ ಕಡಲಯಾನ ದಿನ ಅಂತ ಆಚರಿಸುತ್ತೇವೆ.

ಈ ಎಲ್ಲ ಬಾವುಟಗಳ ಹಿಂದೆ ರಾಜರು, ಯುದ್ಧ, ಅಧಿಕಾರದ ಲೆಕ್ಕ ಇದೆ. ಏಳು ಮೂಲೆಯ ನಕ್ಷತ್ರದ ಹಿಂದೆ ಇರುವುದು ಒಂದು ಮನೆಯ ಕಷ್ಟ.

ಪೀಟರ್ ಮೇರ್ಸ್ಕ್ ಮೊಲ್ಲರ್ ಡೆನ್ಮಾರ್ಕಿನ ಒಬ್ಬ ಹಡಗಿನ ಕಪ್ತಾನ. ದೈವಭಕ್ತ. ಅವನ ಹೆಂಡತಿ ಅನ್ನಾಗೆ ಒಮ್ಮೆ ಕಾಯಿಲೆ ಜೋರಾಯಿತು. ಆ ರಾತ್ರಿ ಆಕಾಶದ ತುಂಬ ಮೋಡ. ಅವನು ದೇವರನ್ನು ಕೇಳಿಕೊಂಡ: ನನ್ನ ಮೊರೆ ನಿನಗೆ ಮುಟ್ಟಿದ್ದರೆ ಈ ಮೋಡದ ನಡುವೆ ಒಂದು ನಕ್ಷತ್ರ ತೋರಿಸು. ನಕ್ಷತ್ರ ಕಂಡಿತು. ಅನ್ನಾ ಹುಷಾರಾದಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಯಾರಿಗಾದರೂ ಮೈ ಸರಿಯಿಲ್ಲ ಅಂದರೆ ನಮ್ಮವ್ವಂದಿರು ಗುಡಿಯಲ್ಲಿ ಕೂತು ಅಪ್ಪಣೆ ಕೇಳುತ್ತಾರೆ. ಬಲಗಡೆ ಹೂ ಬೀಳಲಿ ಅಂತ ಕಣ್ಣು ಮಿಟುಕಿಸದೆ ಕಾಯುತ್ತಾರೆ. ಹೂ ಬಿದ್ದ ಕ್ಷಣ ಅವರ ಮುಖ ನೋಡಿದವರಿಗೆ ಆ ಕಪ್ತಾನನ ರಾತ್ರಿ ಅರ್ಥವಾಗುತ್ತದೆ.

1886ರಲ್ಲಿ ಪೀಟರ್ 'ಲೌರಾ' ಎಂಬ ಉಗಿ ಹಡಗು ಕೊಂಡ. ಅದರ ಕಪ್ಪು ಹೊಗೆ ಕೊಳವೆಗೆ ನೀಲಿ ಪಟ್ಟಿ ಬಳಿಸಿ, ಅದರ ಮೇಲೆ ಏಳು ಮೂಲೆಯ ಬಿಳಿ ನಕ್ಷತ್ರ ಬರೆಸಿದ. ಆ ವರ್ಷದ ಅಕ್ಟೋಬರಿನಲ್ಲಿ ಹೆಂಡತಿಗೆ ಕಾಗದ ಬರೆದು, ಕೊಳವೆಯ ಮೇಲಿನ ಪುಟ್ಟ ನಕ್ಷತ್ರ ಆ ರಾತ್ರಿಯ ನೆನಪು ಅಂತ ತಿಳಿಸಿದ. ನಮ್ಮ ನಾಯಕನಹಟ್ಟಿ ಜಾತ್ರೆಯಲ್ಲಿ ತೇರು ಎಳೆಯುವ ಮೊದಲು ಮುಕ್ತಿ ಬಾವುಟ ಹರಾಜಾಗುತ್ತದೆ. ಲಕ್ಷಗಟ್ಟಲೆ ಕೊಟ್ಟು ಅದನ್ನು ಕೂಗಿ ಹಿಡಿಯುವುದು ಬಟ್ಟೆಗಾಗಿ ಅಲ್ಲ. ಪೀಟರನ ನಕ್ಷತ್ರವನ್ನೂ ನಾನು ಹಾಗೆಯೇ ನೋಡುತ್ತೇನೆ.

1904ರಲ್ಲಿ ಪೀಟರ್ ತನ್ನ ಮಗ ಎ.ಪಿ. ಮೊಲ್ಲರ್ ಜೊತೆ ಸ್ವೆನ್‌ಬೋರ್ಗ್ ಊರಿನಲ್ಲಿ ಹಡಗು ಕಂಪನಿ ಶುರು ಮಾಡಿದ. ನೀಲಿ ಬಣ್ಣ, ಬಿಳಿ ನಕ್ಷತ್ರ ಆ ಕಂಪನಿಗೂ ಬಂತು. ಅಲ್ಲಿಂದ ಅದು ಬೆಳೆದ ಕತೆ ದೊಡ್ಡದು, ನಮಗೆ ಬೇಕಾದಷ್ಟೇ ಹೇಳುತ್ತೇನೆ. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಮ್ ಮೆಕ್ಲೀನ್ 58 ಪೆಟ್ಟಿಗೆಗಳನ್ನು ಲಾರಿಯಿಂದ ಹಾಗೇ ಎತ್ತಿ ಹಡಗಿಗೆ ಇಡಿಸಿದ. ಮೂಲತಃ ಅವನು ಲಾರಿ ಮಾಲೀಕ. ಅಲ್ಲಿಯವರೆಗೆ ಹಮಾಲರು ಮೂಟೆ ಮೂಟೆಯಾಗಿ ಹೊರುತ್ತಿದ್ದ ಸರಕು ಪೆಟ್ಟಿಗೆಯಲ್ಲಿ ಕೂತಲ್ಲೇ ಕೂತು ಹಡಗು ಇಳಿದು ರಸ್ತೆಗೆ ಬಂತು. ಪೆಟ್ಟಿಗೆಯ ಜೊತೆ ಕಂಪನಿಯ ಗುರುತೂ ಬಂದರು ದಾಟಿತು. ಬಾವುಟ ನಮ್ಮ ಹೆದ್ದಾರಿಗೆ ಬಂದದ್ದು ಹೀಗೆ.

ಮೆಕ್ಲೀನ್ ಕಟ್ಟಿದ್ದ ಸೀ-ಲ್ಯಾಂಡ್ ಕಂಪನಿಯ ಹೊರದೇಶದ ವ್ಯವಹಾರವನ್ನು ಮೇರ್ಸ್ಕ್ 1999ರಲ್ಲಿ ಕೊಂಡಿತು. 2005ರಲ್ಲಿ ಪಿ ಅಂಡ್ ಓ ನೆಡ್‌ಲಾಯ್ಡ್ ಕಂಟೇನರ್ ಕಂಪನಿಯೂ ಅದರ ಪಾಲಾಯಿತು. ಮರುವರ್ಷ ಪಿ ಅಂಡ್ ಓ ಸಂಸ್ಥೆ ದುಬೈನ ಡಿಪಿ ವರ್ಲ್ಡ್ ಎಂಬ ಬಂದರು ಕಂಪನಿಯ ಕೈ ಸೇರಿತು.

2023ರ ಸೆಪ್ಟೆಂಬರಿನಲ್ಲಿ ಕೋಪನ್‌ಹೇಗನ್‌ನಲ್ಲಿ ಮೇರ್ಸ್ಕ್ ಹೊಸ ಹಡಗೊಂದಕ್ಕೆ ಹೆಸರಿಟ್ಟಿತು. ಮೆಥನಾಲ್ ಎಂಬ ಇಂಧನದಿಂದಲೂ ಓಡಬಲ್ಲ ಜಗತ್ತಿನ ಮೊದಲ ಕಂಟೇನರ್ ಹಡಗು ಅದು. ಸುಮಾರು 2,100 ಪೆಟ್ಟಿಗೆ ಹಿಡಿಯುತ್ತದೆ. ಅದಕ್ಕೆ ಇಟ್ಟ ಹೆಸರು 'ಲೌರಾ ಮೇರ್ಸ್ಕ್'.